ಎಣ್ಣೆ ಇಂಗಿದ ದಿಬ್ಬ

ಕಡವಿನಾಳದ ಕುಂಬಾರ ಓಣಿ ದಾಟಿ ಹಳೆಯ ಎತ್ತಿನ ದಾರಿ ಹಿಡಿದರೆ ಎಡಕ್ಕೊಂದು ಬೋಳು ದಿಬ್ಬ ಸಿಗುತ್ತದೆ. ಸುತ್ತೆಲ್ಲ ಕೆಂಪು ಮಸಾರಿ ನೆಲ; ನೆತ್ತಿಯ ಮೇಲೆ ಮಾತ್ರ ಮೊರದಗಲ ಮಣ್ಣು ಕಪ್ಪಗಿದೆ. ಇದಕ್ಕೆ ಎಣ್ಣೆ ಇಂಗಿದ ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ, ಕಡಲ ರೇವಿನಿಂದ ಒಳನಾಡಿಗೆ ಹೇರೆತ್ತುಗಳು ನಡೆಯುತ್ತಿದ್ದ ಕಾಲದಲ್ಲಿ, ಇಬ್ಬರು ಯವನ ಅಣ್ಣತಮ್ಮಂದಿರು ಈ ದಾರಿಯಲ್ಲಿ ಬಂದರಂತೆ. ಅಣ್ಣ ಜ್ವರ ಹತ್ತಿ ಇಲ್ಲೇ ತೀರಿಕೊಂಡ. ಅವರ ನಾಡಿನಲ್ಲಿ ಸತ್ತವರನ್ನು ಊರಾಚೆ ದಾರಿಯ ಮಗ್ಗುಲಲ್ಲಿ ಹೂಳಿ, ಉದ್ದ ಕೊರಳಿನ ಕುಡಿಕೆ ತುಂಬ ಎಣ್ಣೆ ಇಟ್ಟು ಕಳಿಸುವುದು ವಾಡಿಕೆ. ಆ ನಾಡಿನ ಎಣ್ಣೆ ತೊಗಲ ಬುದ್ದಲಿಯಲ್ಲಿ ಒಂದಿಷ್ಟು ಉಳಿದಿತ್ತು; ಕುಡಿಕೆ ಇರಲಿಲ್ಲ. ತಮ್ಮನಾದವನು ಕುಂಬಾರ ಮಾಚಯ್ಯನ ಅಂಗಳಕ್ಕೆ ಬಂದು ಧೂಳಿನಲ್ಲಿ ಕುಡಿಕೆಯ ಆಕಾರ ಗೀಚಿ, ಹೆಣದ ಕಡೆ ಕೈ ತೋರಿಸಿದ. ಮಾಚಯ್ಯ ಸುಟ್ಟಿಟ್ಟವುಗಳಲ್ಲಿ ಚಂದದ್ದೊಂದನ್ನು ಆರಿಸಿದ. ಹೆಣಕ್ಕೆಂದ ಮೇಲೆ ಇನ್ನು ಕೇಳುವುದೇನು? ಸತ್ತವರ ಗಡಿಗೆಯನ್ನು ತೂತು ಹಾಕದೆ ಕೊಟ್ಟರೆ ಸಾವು ಮನೆಯಲ್ಲೇ ಉಳಿಯುತ್ತದೆಂದು ಅಪ್ಪ ಕಲಿಸಿದ್ದ. ಉಳಿಯಿಂದ ತಳಕ್ಕೆ ಹೆಸರುಕಾಳಿನಷ್ಟು ತೂತು ಕೊರೆದು, ಕೈಮುಗಿದು ಕೊಟ್ಟ.

ತಮ್ಮ ದಿಬ್ಬದ ಮೇಲೆ ತೋಡಿದ ಗುಂಡಿಯಲ್ಲಿ ಮಂಡಿಯೂರಿ ಎಣ್ಣೆ ಸುರಿದ. ಸುರಿದೇ ಸುರಿದ. ಕುಡಿಕೆ ತುಂಬಲೊಲ್ಲದು. ಬುದ್ದಲಿ ಹಿಂಡಿ ಕೊನೆಯ ಹನಿ ಬಿಟ್ಟು ಎತ್ತಿ ನೋಡಿದರೆ ಕೆಳಗಿನ ಮಣ್ಣೆಲ್ಲ ಒದ್ದೆ. ತೂತಿಗೆ ಬೆರಳಿಟ್ಟು, ಜೊತೆಗೆ ಬಂದಿದ್ದ ಮಾಚಯ್ಯನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಮಾಚಯ್ಯನಿಗೆ ಉಸಿರಾದರೂ ಆಡುತ್ತಿತ್ತು. ಅತ್ತ ಹೇರಿನ ಯಜಮಾನ, "ಹೊತ್ತಾಯ್ತು, ನಡೀರಿ!" ಎಂದು ಕೂಗುತ್ತಿದ್ದ. ಬರಿಗುಡಿಕೆಯನ್ನೇ ಅಣ್ಣನ ಮಗ್ಗುಲಿಗಿಟ್ಟು, ಮಣ್ಣೆಳೆದು ತಮ್ಮ ಹೊರಟುಹೋದ.

"ಒಂದು ಮಾತು ಕೇಳಬಾರದಿತ್ತೇ?" ಎಂದಳು ಹೆಂಡತಿ ಗೌರಕ್ಕ.

"ತೂತು ಬೇಕೋ ಬೇಡವೋ ಅಂತ ಹೆಣದವರನ್ನ ಯಾರಾದರೂ ಕೇಳ್ತಾರೇನೇ!"

"ಹಂಗಾದ್ರೆ ನಿನ್ನ ಬುದ್ಧಿಗೂ ತಳ ಒಡೆದಿತ್ತು ಅನ್ನು."

ಮಾಚಯ್ಯ ಹೊಸ ಕುಡಿಕೆ ತಿರುಗಿಸಿ, ಸುಟ್ಟು, ದೀಪದ ಎಳ್ಳೆಣ್ಣೆ ತುಂಬಿ ದಿಬ್ಬಕ್ಕೊಯ್ದ. ಮುಚ್ಚಿದ ಕುಣಿ ಅಗೆಯುವಂತಿಲ್ಲ. ಮೇಲಿಟ್ಟರೆ ಒಳಗಿನವನಿಗೆ ಮುಟ್ಟೀತೇ? ಯಾರನ್ನು ಕೇಳುವುದು? ಹಲ್ಲುಕಚ್ಚಿ ಅಷ್ಟನ್ನೂ ಮಣ್ಣಿಗೇ ಸುರಿದ. ಇಂಗಿತು. ಮುಂದಿನ ಅಮಾವಾಸ್ಯೆಗೆ ಮತ್ತೆ ಸುರಿದ, ಇಂಗಿತು. ಸಾಯುವವರೆಗೂ ಸುರಿದನಂತೆ; ಒಮ್ಮೆಯೂ ಸಾಕೆನಿಸಲಿಲ್ಲವಂತೆ.

ಹೋದವರು ಆ ಕಪ್ಪು ಮಣ್ಣನ್ನು ಇಂದಿಗೂ ನೋಡಬಹುದು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ ಎನ್ನುತ್ತಾರೆ. ಸಾವಿನ ಮನೆಯವರು ಗಡಿಗೆಗೆ ಬಂದಾಗ ಕಡವಿನಾಳದ ಕುಂಬಾರರು ಈಗಲೂ ಉಳಿ ಕೈಗೆತ್ತಿಕೊಂಡು, ಉತ್ತರ ಗೊತ್ತಿದ್ದರೂ, ಬಂದವರ ಮುಖ ನೋಡಿ ಕೇಳುತ್ತಾರೆ: "ತೂತು ಹಾಕಲೇನ್ರೀ?"