ಹೊಳೆಬಾಗಿಲಿನ ಡೊಂಕು

"ಕೇಳಿರಿ, ಕೇಳಿರಿ! ನಮ್ಮ ನೆಲದಡಿಯ ರೈಲಿನ ಮೇಲೆ ಕೆಂಚರಾಯ ದೊರೆಗಳು ಮೂರು ಒಗಟು ಕಟ್ಟಿದ್ದಾರೆ. ಬಿಡಿಸಿ, ಕಣ್ಣಾರೆ ತೋರಿಸಿಕೊಟ್ಟವರಿಗೆ ಬೇಡಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಸೋಮವಾರ ಡ್ರೈವರ್ ದ್ಯಾಮಣ್ಣನ ತಲೆಯ ಜೊತೆಗೇ ಉರುಳುತ್ತದೆ!"

ಮೂರು ದಿನ ಇದನ್ನೇ ಕೂಗಿ ಕೂಗಿ ಡಂಗುರದವನ ಗಂಟಲೇ ಬಿದ್ದುಹೋಗಿತ್ತು. ಹೊನ್ನಗಟ್ಟದಲ್ಲಿ ಆಗ ಎಲ್ಲರಿಗೂ ದಣಿವೇ, ದೊರೆಗೂ ಸಹ.

ದ್ಯಾಮಣ್ಣ ಮಾಡಿದ ತಪ್ಪಾದರೂ ಏನು? ದೊರೆ ಹತ್ತಿದ್ದ ರೈಲನ್ನು ಹೊಳೆಬಾಗಿಲಿಗೆ ಹೋಗುವ ಸುರಂಗದ ಡೊಂಕಿನ ಹತ್ತಿರ, ನಿಲ್ದಾಣವೇ ಇಲ್ಲದ ಕತ್ತಲಲ್ಲಿ, ಒಂದು ಗಳಿಗೆ ನಿಲ್ಲಿಸಿದ. ದಿನಾ ನಿಲ್ಲಿಸುವ ಹಾಗೆಯೇ. ಯಾಕಯ್ಯಾ ನಿಲ್ಲಿಸಿದೆ ಎಂದು ದೊರೆ ಕೇಳಿದರೆ, "ಗೊತ್ತಿಲ್ಲ ದೊರೆ, ಇಲ್ಲಿ ನಿಲ್ಲಿಸೋದು ವಾಡಿಕೆ" ಅಂದುಬಿಟ್ಟ. ಪಾಪ, ಒಂದು ಸುಳ್ಳು ಹೇಳುವುದಕ್ಕೂ ಬರಲಿಲ್ಲ ಆ ಮನುಷ್ಯನಿಗೆ. ದೊರೆಗೆ ಪಿತ್ತ ನೆತ್ತಿಗೇರಿತು, ತಲೆ ತೆಗೆಸಲು ಅಪ್ಪಣೆ ಮಾಡಿದ. ಆದರೂ ಆ ‘ಯಾಕೆ’ ಅವನನ್ನು ಕೊರೆಯುತ್ತಲೇ ಇತ್ತು, ಅದಕ್ಕೇ ಒಗಟು ಕಟ್ಟಿದ.

ಮೊದಲ ಒಗಟು ಇದು. "ಸಂತೆಪೇಟೆಯಿಂದ ಹೊಳೆಬಾಗಿಲಿಗೆ ಕಾಗೆ ನೇರ ಹಾರುತ್ತದೆ. ನನ್ನ ಅಜ್ಜ ಹಾಕಿಸಿದ ರೈಲು ಮಾತ್ರ ನಡುವೆ ಸುತ್ತುಹಾಕಿ ಹೋಗುತ್ತದೆ. ನೆಲದಡಿ ಅರಸನಿಗೇ ದಾರಿ ಬಿಡದ ಆ ದೊಡ್ಡವನು ಯಾರು?"

ದಿವಾನರ ಅಳಿಯ, ಇಂಜಿನಿಯರ್, ನಕ್ಷೆ ಬಿಚ್ಚಿ "ಬಂಡೆ" ಅಂದ. ನಕ್ಷೆಯಲ್ಲಿ ಹಾಗೇ ಬರೆದಿತ್ತು. ದೊರೆ ಡೊಂಕಿನಲ್ಲಿ ಸುರಂಗದ ಗೋಡೆಯನ್ನು ಎರಡು ಮೊಳ ಅಗೆಸಿದರೆ ಬರೀ ಹಸಿ ಮಣ್ಣು. ಅಳಿಯನನ್ನು ಸೆರೆಗೆ ಹಾಕಿದರು. ಆಸ್ಥಾನದ ಜೋಯಿಸರು "ನಾಗರಹಾವು" ಅಂದರು. ಹಾವು ಹೋಗಲಿ, ಒಂದು ಎರೆಹುಳುವೂ ಸಿಗಲಿಲ್ಲ. ಭಾನುವಾರದ ಹೊತ್ತಿಗೆ ಸೆರೆಯಲ್ಲಿ ಒಂಬತ್ತು ಜನ ಬುದ್ಧಿವಂತರು ಸೇರಿದ್ದರು.

ಆಗ ಬಂದವಳು ದ್ಯಾಮಣ್ಣನ ಮಗಳು ತಿಪ್ಪವ್ವ. ಸುರಂಗ ಗುಡಿಸುವವಳು. ಪೊರಕೆಯನ್ನೂ ಕೆಳಗಿಡದೆ ಬಂದಿದ್ದಳು. ಭಯವಿರಲಿಲ್ಲವೇ? ಇತ್ತು. ಆದರೆ ತಾಯಿಯಿಲ್ಲದ ಅವಳಿಗೆ ಇದ್ದವನು ಅಪ್ಪನೊಬ್ಬನೇ.

"ಇಲ್ಲಿ ಕೂತರೆ ಬಗೆಹರಿಯೋದಿಲ್ಲ ದೊರೆ. ಕೆಳಗೆ ಬನ್ನಿ" ಅಂದಳು.

ಡೊಂಕಿನ ಹತ್ತಿರ ನಿಂತು, "ಗೋಡೆಗೆ ಕಿವಿ ಕೊಡಿ" ಅಂದಳು. ದೊರೆ ಕಿವಿಯಿಟ್ಟ. ಒಳಗೆಲ್ಲೋ ರಾಟೆ ಕಿರುಗುಟ್ಟಿತು. ಕೊಡವೊಂದು ಗುಳುಗುಳು ಎಂದು ಮುಳುಗಿತು.

"ಬಾವಿ, ದೊರೆ. ಮೇಲೆ ಕುಂಬಾರಗೇರಿ. ಈ ಸುರಂಗ ಅಗೆದವರೆಲ್ಲ ಆ ಕೇರಿಯವರೇ ಅಂತ ಹಳೇ ಗುಡಿಸೋರು ಹೇಳ್ತಾರೆ. ನೇರ ಅಗೆದಿದ್ದರೆ ಬಾವಿ ಬತ್ತಿಹೋಗ್ತಿತ್ತು. ಅದಕ್ಕೇ ಬಂಡೆ ಅಡ್ಡ ಬಂತು ಅಂತ ನಿಮ್ಮ ಅಜ್ಜನಿಗೆ ಸುಳ್ಳು ಹೇಳಿ ಸುತ್ತುಹಾಕಿದರು."

ದೊರೆ ಹಣೆ ಒತ್ತಿಕೊಂಡ. "ಅಜ್ಜ ಒಂದು ದಿನವೂ ಇಳಿದು ನೋಡಲಿಲ್ಲ ಅನ್ನು. ಇರಲಿ, ಎರಡನೆಯದು. ಹತ್ತುವವರಿಲ್ಲ, ಇಳಿಯುವವರಿಲ್ಲ. ಆದರೂ ರೈಲು ಇಲ್ಲಿ ಯಾರಿಗಾಗಿ ಕಾಯುತ್ತದೆ?"

ತಿಪ್ಪವ್ವ ಪೊರಕೆಯ ಹಿಡಿಯಿಂದ ಚಾವಣಿ ಕೆರೆದಳು. ಮಸಿ ಉದುರಿ, ಒಂದು ಚೌಕದಷ್ಟು ಜಾಗದಲ್ಲಿ ಬೇರೆ ಬಣ್ಣದ ಇಟ್ಟಿಗೆ ಕಂಡಿತು.

"ಗಾಳಿಗಾಗಿ. ಇದೂ ಆ ಹಳೇ ಗುಡಿಸೋರು ಹೇಳಿದ್ದೇ, ಕಲ್ಲಿದ್ದಲ ಕಾಲದಲ್ಲಿ ಇಲ್ಲೊಂದು ಗಾಳಿಕಿಂಡಿ ಇತ್ತು. ಮೊದಲ ಡ್ರೈವರ್ ಹೊಗೆ ತಾಳಲಾರದೆ ಇಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು, ಒಂದು ಉಸಿರು ಎಳೆದುಕೊಂಡು ಹೋಗ್ತಿದ್ದ. ಪಕ್ಕ ನಿಂತು ಕೆಲಸ ಕಲಿತವನೂ ಹಾಗೇ ಮಾಡಿದ. ನಮ್ಮಲ್ಲಿ ಯಾಕೆ ಅಂತ ಕೇಳೋ ಹಾಗಿಲ್ಲ, ನೋಡಿ ಕಲೀಬೇಕು. ಕರೆಂಟು ಬಂತು, ಹೊಗೆ ಹೋಯ್ತು, ಕಿಂಡಿ ಮುಚ್ಚಿದರು. ನಿಲ್ಲಿಸೋದು ಮಾತ್ರ ಉಳೀತು. ನಮ್ಮಪ್ಪನೂ ಇಲ್ಲಿ ಬಂದಾಗ, ಬೆವರು ಇರಲಿ ಬಿಡಲಿ, ಮುಖ ಒರೆಸ್ಕೋತಾನೆ."

ಇಟ್ಟಿಗೆ ಕೀಳಿಸಿದರು. ತಣ್ಣನೆ ಗಾಳಿ ಇಳಿಯಿತು, ಅಂಗೈಯಗಲ ಬಿಸಿಲೂ ಬಿತ್ತು. ದೊರೆ ತನಗೆ ಗೊತ್ತಿಲ್ಲದೆಯೇ ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡ.

"ಮೂರನೆಯದು. ಸಾವಿರಾರು ಸಲ ಊರಿಗೆ ಹೋದರೂ ಊರು ಸೇರಿಲ್ಲ. ಏನದು?"

ತಿಪ್ಪವ್ವ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ನಮ್ಮಪ್ಪ" ಅಂದಳು.

"ತಪ್ಪಮ್ಮಾ" ಎಂದು ದೊರೆ ನಿಟ್ಟುಸಿರುಬಿಟ್ಟ. ಅವನಿಗೂ ಬೇಸರವಾಗಿತ್ತು. "ಉತ್ತರ ರೈಲು."

"ರೈಲು ದಿನಾ ಶೆಡ್ಡು ಸೇರುತ್ತೆ ದೊರೆ, ಅದರ ಊರು ಅದೇ" ಅಂದಳು. "ತಲೆ ತೆಗೆಸೋದಕ್ಕೆ ಮುಂಚೆ ಅಪ್ಪನನ್ನು ಒಂದು ಮಾತು ಕೇಳಿ."

ದ್ಯಾಮಣ್ಣನನ್ನು ಸಂಕೋಲೆಯಲ್ಲೇ ಕರೆತಂದರು. ದೊರೆ ಕೇಳಿದ: "ಮೂವತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಹೊಳೆಬಾಗಿಲು ಮುಟ್ಟುತ್ತೀಯಲ್ಲ, ಅಲ್ಲಿ ಹೊಳೆ ಯಾವ ಕಡೆ ಹರಿಯುತ್ತದೆ?"

ದ್ಯಾಮಣ್ಣ ಕೈಮುಗಿದ. "ಮೇಲೆ ಹೊಳೆ ಇದೆಯಂತೆ ದೊರೆ. ಇಳಿಯೋ ಜನ ಹೇಳ್ತಾರೆ. ನಮಗೆ ಅಲ್ಲಿ ಎರಡೇ ನಿಮಿಷ ನಿಲುಗಡೆ. ಮನೆ ಈ ಕಡೆ, ಸಂತೆಪೇಟೆ ಶೆಡ್ಡಿನ ಹಿಂದೆ."

ದೊರೆ ತಲೆ ತಗ್ಗಿಸಿ ಹಳಿಯ ಪಕ್ಕದಲ್ಲೇ ಕುಳಿತುಬಿಟ್ಟ. ಒಗಟು ಕಟ್ಟಿದವನಿಗೇ ಅದರ ಅರ್ಥ ಗೊತ್ತಿರಲಿಲ್ಲ. "ನನ್ನ ಉತ್ತರಕ್ಕಿಂತ ನಿನ್ನದೇ ಸರಿ ತಾಯಿ. ಬೇಡು. ಅರ್ಧ ರಾಜ್ಯ ಕೊಡಲೇ?"

"ಅಯ್ಯೋ, ಅಷ್ಟನ್ನೂ ಗುಡಿಸೋರು ಯಾರು? ಸೆರೆಯಲ್ಲಿರೋರನ್ನೆಲ್ಲ ಮನೆಗೆ ಕಳಿಸಿ. ಅಪ್ಪನಿಗೆ ಒಂದು ದಿನ ರಜ ಕೊಡಿ."

ದೊರೆ ಎಲ್ಲರನ್ನೂ ಬಿಟ್ಟ. ಡ್ರೈವರುಗಳಿಗೆಲ್ಲ ವಾರಕ್ಕೊಂದು ರಜ ಕೊಟ್ಟ. ಕಿಂಡಿ ಮುಚ್ಚಕೂಡದೆಂದು ಅಪ್ಪಣೆ ಮಾಡಿದ. ತಿಪ್ಪವ್ವನಿಗೆ ಇಡೀ ಮಾರ್ಗದ ಉಸ್ತುವಾರಿ ವಹಿಸಿದ.

ಸೋಮವಾರ ದ್ಯಾಮಣ್ಣ ಮಗಳ ಪಕ್ಕ ಕುಳಿತು, ಜನರ ಜೊತೆ ರೈಲಿನಲ್ಲಿ ಹೋದ. ಡೊಂಕಿನಲ್ಲಿ ರೈಲು ನಿಂತಾಗ ಮುಖ ಒರೆಸಿಕೊಂಡ. ಹೊಳೆಬಾಗಿಲಲ್ಲಿ ಇಳಿದು ಮೆಟ್ಟಿಲು ಹತ್ತಿ ಹೊಳೆ ನೋಡಿದ. "ಇಷ್ಟೇ ದೂರ ಇತ್ತೇನವ್ವಾ?" ಅಂದ. ಆಮೇಲೆ ಹೊಳೆದಂಡೆಯ ಸೋಪಾನದ ಮೇಲೆ ಹಾಗೇ ಒರಗಿ ನಿದ್ದೆಹೋದ. ಆವತ್ತು ಉರುಳಬೇಕಿದ್ದ ತಲೆ ಮಗಳ ತೊಡೆಯ ಮೇಲಿತ್ತು.

ಅವರು ಅಲ್ಲಿ ಒರಗಿದರು, ನಾನು ಇಲ್ಲಿ ಒರಗುತ್ತೇನೆ. ನೀವೂ ಮನೆಗೆ ಹೋಗಿ ಮಲಗಿ.