ಬೇರಿನ ಕಡೆ ಸರಿದ ಕೂದಲು

ಕಣ್ಣಿಗೆ ಕಾಣದ ಕಡೆಯಲ್ಲೂ ಕುಸುರಿ ಕೆಲಸ ಮಾಡಿಟ್ಟ ಆ ಭಗವಂತನಿಗೆ ಮೊದಲು ಕೈಮುಗಿಯೋಣ. ಅವನ ಕೈಚಳಕ ಎಷ್ಟು ಸಣ್ಣ ವಸ್ತುವಿನಲ್ಲಿ ಅಡಗಿರುತ್ತದೆ ಎಂದು ತೋರಿಸುವ ಕಥೆ ಇದು. ಮಕ್ಕಳೂ ಕೇಳಿ, ದೊಡ್ಡವರೂ ಕೇಳಿ.

ದಾವಣಗೆರೆಯಲ್ಲಿ ಹಾಲಮ್ಮ ಎಂಬಾಕೆ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಕೂದಲು ಕಡಿಮೆ ಇದ್ದವರಿಗೆ ಬೇರೆಯವರ ಕೂದಲನ್ನು ಎಳೆ ಎಳೆಯಾಗಿ ಸೇರಿಸಿ, ಹುಟ್ಟಿನಿಂದ ಬಂದದ್ದೇ ಎನ್ನುವಂತೆ ಜಡೆ ಉದ್ದ ಮಾಡಿಕೊಡುವ ಹೇರ್ ಎಕ್ಸ್‌ಟೆನ್ಷನ್ ಕೆಲಸದಲ್ಲಿ ಅವಳದು ಎತ್ತಿದ ಕೈ. ಆ ಕೆಲಸ ಕಲಿಯಲು ಚಂಪಾ ಎಂಬ ಹುಡುಗಿ ಬಂದು ಸೇರಿದಳು.

ಹಾಲಮ್ಮ ಕೂದಲಿನ ಕಟ್ಟು ಬಿಚ್ಚುವ ಮುನ್ನ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. "ಯಾರೋ ತಾಯಿ ಹರಕೆ ಹೊತ್ತು ದೇವರಿಗೆ ಕೊಟ್ಟ ಮುಡಿ ಕಣೇ ಇದು. ಕಸದ ಹಾಗೆ ಮುಟ್ಟಬೇಡ" ಎನ್ನುತ್ತಿದ್ದಳು. ಇನ್ನೊಂದು ಮಾತನ್ನೂ ಹೇಳಿದ್ದಳು: "ಬೇರಿನ ಕಡೆಗೆ ಕೆಂಪು ದಾರ ಕಟ್ಟಿರ್ತೀನಿ. ಬೇರು ಯಾವಾಗಲೂ ಮೇಲೇ ಬರಬೇಕು."

ಚಂಪಾ ತಿಂಗಳುಗಟ್ಟಲೆ ಗೊಂಬೆಯ ತಲೆಯ ಮೇಲೆ ಕೈ ಪಳಗಿಸಿಕೊಂಡಳು. ಕೊನೆಗೊಂದು ದಿನ ಹಾಲಮ್ಮ, "ನಾಳೆ ಮದುಮಗಳೊಬ್ಬಳು ಬರ್ತಾಳೆ. ತಲೆ ನಿನ್ನ ಕೈಗೆ ಕೊಡ್ತೀನಿ. ಎಳೆಗಳನ್ನ ಇವತ್ತೇ ಕಟ್ಟಿಡು" ಎಂದಳು. ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಳೆ ಕಟ್ಟುತ್ತಾ ಕೂತಿದ್ದಾಗ ಒಂದು ಹಿಡಿ ಕೂದಲು ಮೇಜಿನಿಂದ ಜಾರಿ ಕೆಳಗೆ ಚೆಲ್ಲಿತು. ದಾರವೂ ಬಿಚ್ಚಿಹೋಯಿತು. ಚಂಪಾ ಬಾಚಿ ಎತ್ತಿ, ನುಣ್ಣಗೆ ಬಾಚಣಿಗೆ ಆಡಿಸಿ, ಕಟ್ಟಿಬಿಟ್ಟಳು. 'ಎರಡು ತುದಿಯೂ ಒಂದೇ ಥರ ಇದೆ. ಕೂದಲಿಗೆ ತಲೆ ಯಾವುದು, ಬಾಲ ಯಾವುದು!' ಎಂದುಕೊಂಡಳು.

ಮರುದಿನ ಮದುಮಗಳು ಮಂದಾಕಿನಿ ಬಂದಳು. ಜೊತೆಗೆ ಅವಳ ಅಜ್ಜಿ ಗೌರಮ್ಮ. ಟೈಫಾಯ್ಡ್ ಜ್ವರದಲ್ಲಿ ಮಂದಾಕಿನಿಯ ಕೂದಲೆಲ್ಲ ಉದುರಿ, ತಲೆಯಲ್ಲಿ ಉಳಿದದ್ದು ತೆಳ್ಳಗಿನ ಒಂದಿಷ್ಟು. ಚಂಪಾ ಒಂದೊಂದೇ ಎಳೆಯನ್ನು ಅವಳ ಕೂದಲಿನ ಜೊತೆ ಪುಟ್ಟ ಬಳೆಯಂಥ ರಿಂಗಿನೊಳಗೆ ತೂರಿಸಿ, ಇಕ್ಕಳದಿಂದ ಒತ್ತಿ ಸೇರಿಸುತ್ತಾ ಬಂದಳು. ಮಧ್ಯಾಹ್ನದ ಹೊತ್ತಿಗೆ ಜಡೆ ಸೊಂಟ ಮುಟ್ಟಿತು. ಮಂದಾಕಿನಿ ಕನ್ನಡಿ ನೋಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ನಮ್ಮ ಮಗು ಮತ್ತೆ ನಮ್ಮ ಮಗುವಿನ ಹಾಗೆ ಕಾಣ್ತಿದೆ" ಎಂದು ಅಜ್ಜಿ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಕೊನೆಯ ಸಲ ಕೂದಲ ಮೇಲೆ ಕೈಯಾಡಿಸುವಾಗ ಚಂಪಾಳ ಬೆರಳು ಒಂದು ಕಡೆ ತೊಡರಿತು. ಬೇರೆಲ್ಲ ಕಡೆ ರೇಷ್ಮೆ. ಅಲ್ಲಿ ಮಾತ್ರ ಹುಲ್ಲು ತಡವಿದ ಹಾಗೆ. ನಿನ್ನೆ ಚೆಲ್ಲಿದ ಹಿಡಿ ಅದೇ! ಬೇರು, ತುದಿ ಬೆರೆತುಹೋಗಿದ್ದವು. ಇವತ್ತು ಗೊತ್ತಾಗುವುದಿಲ್ಲ, ಮದುವೆಯಲ್ಲೂ ಗೊತ್ತಾಗುವುದಿಲ್ಲ. ಆಮೇಲೆ ಆ ಕೂದಲು ಒಂದಕ್ಕೊಂದು ಹೆಣೆದುಕೊಂಡು ಗಂಟುಕಟ್ಟುತ್ತದೆ. ಕತ್ತರಿಸದೆ ಬೇರೆ ದಾರಿ ಇರುವುದಿಲ್ಲ. ಕತ್ತರಿಸಿದರೆ, ಜ್ವರ ಉಳಿಸಿಹೋದ ಆ ನಾಲ್ಕು ಕೂದಲೂ ಜೊತೆಗೆ ಹೋಗುತ್ತವೆ.

ಕನ್ನಡಿಯಲ್ಲಿ ಮಂದಾಕಿನಿ ನಗುತ್ತಿದ್ದಳು. ಸುಮ್ಮನಿದ್ದರೆ ಎಲ್ಲರಿಗೂ ಸಂತೋಷ. ಚಂಪಾ ಬಾಚಣಿಗೆಯನ್ನು ಕೆಳಗಿಟ್ಟಳು.

"ಹಾಲಮ್ಮಕ್ಕಾ... ಇದನ್ನ ಬಿಚ್ಚಬೇಕು. ನಾನು ತಪ್ಪು ಕಟ್ಟಿದ್ದೀನಿ."

ಅಜ್ಜಿ ಎದ್ದು ನಿಂತಳು. "ನಾಳೆ ಧಾರೆ ಇಟ್ಕೊಂಡು ಈಗ ಬಿಚ್ಚೋದಾ? ಕಲಿಯೋ ಹುಡುಗಿ ಕೈಗೆ ತಲೆ ಕೊಟ್ಟಿದ್ದು ನಮ್ಮದೇ ತಪ್ಪು ಬಿಡವ್ವ! ಕುರಿ ಉಣ್ಣೆ ಕತ್ತರಿಸೋಕೆ ಕಳಿಸು ಇವಳನ್ನ!"

ಹಾಲಮ್ಮ ಬೈಯಲಿಲ್ಲ. ಬಂದು ಆ ಎಳೆಗಳನ್ನು ತಡವಿ ನೋಡಿ, ತಾನೇ ಇಕ್ಕಳ ಹಿಡಿದು ಬಿಚ್ಚಿದಳು.

"ಈಗ ಬೇರು ಯಾವುದು ಅಂತ ಹೇಗೆ ಹುಡುಕೋದಕ್ಕಾ? ಕಣ್ಣಿಗೆ ಕಾಣಲ್ಲವಲ್ಲ" ಎಂದಳು ಚಂಪಾ, ಅಳು ನುಂಗಿಕೊಂಡು.

"ಕಣ್ಣನ್ನ ಯಾಕೆ ಕೇಳ್ತೀಯ? ಕೂದಲನ್ನೇ ಕೇಳು." ಹಾಲಮ್ಮ ಒಂದೇ ಒಂದು ಕೂದಲನ್ನು ಅವಳ ಹೆಬ್ಬೆರಳು ತೋರುಬೆರಳಿನ ನಡುವೆ ಉದ್ದಕ್ಕೆ ಇಟ್ಟಳು. "ಎಳೀಬೇಡ. ಬೆರಳನ್ನ ಮೆಲ್ಲಗೆ ಹಿಂದೆ ಮುಂದೆ ಉಜ್ಜು, ಸಾಕು."

ಚಂಪಾ ಉಜ್ಜಿದಳು. ಕೂದಲು ಹೊರಟಿತು! ಜೀವ ಬಂದ ಹಾಗೆ, ಬೆರಳ ನಡುವಿನಿಂದ ಒಂದೇ ದಿಕ್ಕಿಗೆ ಸರಿಯತೊಡಗಿತು.

"ಯಾವ ತುದಿ ಮುಂದೆ ಹೋಗ್ತದೋ ಅದೇ ಬೇರು" ಎಂದಳು ಹಾಲಮ್ಮ.

"ನೀನೇ ತಳ್ತಿದ್ದೀಯ ಬಿಡೆ" ಎಂದು ಅಜ್ಜಿ ಕೂದಲನ್ನು ಕಿತ್ತುಕೊಂಡು ತಾನೇ ಉಜ್ಜಿದಳು. ಅದು ಸರಿಯಿತು. ಬೇಕೆಂದೇ ತಿರುಗಿಸಿ ಹಿಡಿದಳು. ಕೂದಲೂ ದಿಕ್ಕು ಬದಲಿಸಿ, ಮತ್ತೆ ಅದೇ ತುದಿಯನ್ನು ಮುಂದೆ ಮಾಡಿ ಹೊರಟಿತು. ಯಾವ ಊರಿನ ಯಾವ ತಲೆಯ ಕೂದಲೋ! ಕತ್ತಿ ತಾಗಿ, ನೀರಿನಲ್ಲಿ ಬೆಂದು, ಎಷ್ಟೋ ಕೈ ದಾಟಿ ಬಂದಿದೆ. ಆದರೂ ತನ್ನ ಬೇರು ಯಾವ ಕಡೆ ಎಂಬುದನ್ನು ಮರೆತಿಲ್ಲ.

"ಎಂಥಾ ಕೆಲಸಗಾರನಪ್ಪಾ ನೀನು!" ಎಂದು ಅಜ್ಜಿ ಮೇಲೆ ನೋಡಿ ಕೈಮುಗಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತಳು. "ಕೊಡಿ ಇಲ್ಲಿ. ನಾನೂ ಆರಿಸ್ತೀನಿ."

ಮಂದಾಕಿನಿಯೂ ಇಳಿದು ಬಂದು ಪಕ್ಕದಲ್ಲಿ ಕೂತಳು. ನಾಲ್ವರೂ ಕೂದಲನ್ನು ಒಂದೊಂದಾಗಿ ಕೇಳಿ ಕೇಳಿ ಜೋಡಿಸಿದರು. ಗುಡಿಯೊಳಗೆ ಕೂತ ಹಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಚಂಪಾ ಕೊನೆಯ ಎಳೆ ಸೇರಿಸಿದಳು. ತಲೆಯಿಂದ ತುದಿಯವರೆಗೆ ಕೈ ಎಲ್ಲೂ ತೊಡರಲಿಲ್ಲ.

ಹೊರಡುವಾಗ ಅಜ್ಜಿ ಬಾಗಿಲಲ್ಲಿ ತಿರುಗಿ ನಿಂತಳು. "ಏ ಹುಡುಗಿ, ಇವಳ ಸೀಮಂತಕ್ಕೂ ಜಡೆ ಹೆಣೆಯೋಕೆ ಬರಬೇಕು. ನಿಮ್ಮಕ್ಕ ಅಲ್ಲ, ನೀನೇ."

ಚಂಪಾ ಹಾಲಮ್ಮನ ಮುಖ ನೋಡಿದಳು. ಹಾಲಮ್ಮ ನಕ್ಕು, "ನನ್ನನ್ನ ಯಾಕೆ ನೋಡ್ತೀಯ? ಹೂಂ ಅನ್ನು" ಎಂದಳು.

ನೀತಿ: ನೋಡಲು ಚೆಂದವಾಗಿದೆ ಎಂದ ಮಾತ್ರಕ್ಕೆ ಕೆಲಸ ಸರಿಯಾಯಿತು ಎಂದಲ್ಲ. ತಪ್ಪು ನಮಗೊಬ್ಬರಿಗೇ ಗೊತ್ತಿದ್ದರೂ ಬಾಯಿಬಿಟ್ಟು ಹೇಳಿ, ಬಿಚ್ಚಿ, ತಾಳ್ಮೆಯಿಂದ ಮತ್ತೆ ಕಟ್ಟಬೇಕು. ಹಾಗೆ ಕೂತವರಿಗೆ ದಾರಿ ತೋರಿಸಲು ಭಗವಂತ ಒಂದು ಕೂದಲೆಳೆಯಲ್ಲೂ ಗುರುತು ಇಟ್ಟಿರುತ್ತಾನೆ.

ಇದನ್ನು ಓದಿದವರ, ಕೇಳಿದವರ, ಕೇಳುತ್ತಾ ನಿದ್ದೆಹೋದ ಕಂದಮ್ಮಗಳ ನೆತ್ತಿಯ ಮೇಲೆ ಅವನ ಕೈ ಸದಾ ಇರಲಿ. ನಿಮ್ಮೆಲ್ಲರ ಮನೆ ತಂಪಾಗಿರಲಿ.