ಹೆಚ್ಚಿದ ಬಳೆ

"ಗುರುಗಳೇ, ನಮ್ಮ ಶಾಲೆಗೆ ಕಂಪ್ಯೂಟರ್ ಬಂದಿದೆ, ಇಂಟರ್‌ನೆಟ್ಟೂ ಬಂದಿದೆ. ಇನ್ನು ಮೇಲೆ ಮಕ್ಕಳಿಗೆ ಭಾಷೆಯನ್ನು ಅದೇ ಕಲಿಸುತ್ತದೆಯಂತೆ. ಹಾಗಾದರೆ ಕನ್ನಡ ಮೇಷ್ಟ್ರಾದ ನನಗೆ ಏನು ಕೆಲಸ?" ಎಂದು ಶಿಷ್ಯ ಕೇಳಿದ.

ಗುರು ಗಾಜಿನ ಲೋಟವನ್ನು ಚಹಾದಂಗಡಿಯ ಬೆಂಚಿನ ಮೇಲಿಟ್ಟ. ಅದರಲ್ಲಿ ಅರ್ಧ ಚಹಾ ಉಳಿದಿತ್ತು.

"ಕೇಳಬೇಕಾದವನನ್ನೇ ಕೇಳಿದೆ. ಈ ಭೂಮಂಡಲದಲ್ಲಿ ಕಂಪ್ಯೂಟರಿನ ಕೈ ಹಿಡಿದು ಅ ಆ ಇ ಈ ತಿದ್ದಿಸಿದವನು ನಾನೇ. ಮೊದಲ ದಿನ ಬಹಳ ಅತ್ತಿತು. ಬೆಲ್ಲ ಕೊಟ್ಟು ಕೂರಿಸಿದೆ" ಎಂದ.

ಶಿಷ್ಯ ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ. "ಸುಳ್ಳು. ಅದನ್ನು ಆರಿಸುವುದು ಹೇಗೆಂದೂ ನನಗೆ ತಿಳಿಯದು. ಆದರೆ ಈಗ ಹೇಳುವ ಕತೆ ನಿಜ. ಮುಕ್ಕಾಲು ಪಾಲು ನಿಜ."

ಒಂದು ಊರಿಗೆ ಒಬ್ಬ ಬಳೆಗಾರ ಬಂದ. ದೂರದ ಸೀಮೆಯವನು. ಅವನಲ್ಲಿ ಬಳೆ ಇತ್ತು, ಕನ್ನಡ ಇರಲಿಲ್ಲ. ಹೆಂಗಸರು ಹಸಿರು ಕೇಳಿದರೆ ಕೆಂಪು ತೆಗೆಯುತ್ತಿದ್ದ, ಕೆಂಪು ಕೇಳಿದರೆ ನೀರು ತಂದುಕೊಡುತ್ತಿದ್ದ. ಹೀಗಾದರೆ ಬಾಳಲಾರೆ ಎಂದು ಮಗಳನ್ನು ಊರ ಶಾಲೆಗೆ ಸೇರಿಸಿದ. ಅವಳು ಕನ್ನಡ ಕಲಿತು ಬಂದು ಅಂಗಡಿಗೆ ಬಾಯಾಗಲಿ ಎಂಬುದು ಅವನ ಆಸೆ.

ಆ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದ. ನಿನ್ನ ಹಾಗೆಯೇ, ಕೊಂಚ ದಪ್ಪ. ಕಂಪ್ಯೂಟರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ಮಕ್ಕಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ತನ್ನ ಕುರ್ಚಿಯನ್ನು ಹೊರಗೆ ಬೇವಿನ ಮರದಡಿ ಹಾಕಿಸಿಕೊಂಡ. ಅಲ್ಲಿಂದಾಚೆಗೆ ಯಾರು ಏನು ಕೇಳಿದರೂ ಅವನ ಉತ್ತರ ಒಂದೇ, ಯಂತ್ರವನ್ನು ಕೇಳು. ಹೊಟ್ಟೆನೋವೆಂದು ಬಂದವನಿಗೂ ಹಾಗೇ ಹೇಳಿದನಂತೆ. ಇದು ನಾನು ಸೇರಿಸಿದ್ದು, ಬಿಡು.

ಹುಡುಗಿ ಚುರುಕು. ಪರದೆಯ ಮೇಲೆ ಚಿತ್ರ ಬಂದರೆ ಪದ ಹೇಳುವಳು, ಪದ ಬಂದರೆ ಅರ್ಥ ಹೇಳುವಳು. ಸರಿಯಾದಾಗಲೆಲ್ಲ ಯಂತ್ರ ಚಪ್ಪಾಳೆ ತಟ್ಟುತ್ತಿತ್ತು. ಆ ಚಪ್ಪಾಳೆಯ ಸದ್ದಿಗೆ ಮೇಷ್ಟ್ರಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಆ ವರ್ಷ ಬಳೆಗಾರನಿಗೆ ಮೊದಲ ಮದುವೆ ಮನೆ ಸಿಕ್ಕಿತು. ಅದು ಊರಿನ ದೊಡ್ಡ ಮನೆ. ಅಲ್ಲಿ ಹೆಸರು ಬಂದರೆ ಉಳಿದ ಮನೆಗಳೂ ಕರೆಯುತ್ತವೆ, ಕೆಟ್ಟರೆ ಗಂಟು ಕಟ್ಟಿ ಬೇರೆ ಊರು ನೋಡಿಕೊಳ್ಳಬೇಕು. ಅವನು ಒಳ್ಳೆಯ ಹಸಿರು ಗಾಜಿನ ಬಳೆಗಳನ್ನು ಆರಿಸಿ, ಪೆಟ್ಟಿಗೆ ತುಂಬಿ, ಹಿಂದಿನ ದಿನವೇ ಕಳಿಸಿದ.

ಬಳೆ ಶಾಸ್ತ್ರದ ಬೆಳಗ್ಗೆ ಮದುವೆ ಮನೆಯ ಆಳು ಓಡಿ ಬಂದ. ಬಳೆಯೆಲ್ಲ ಹೆಚ್ಚಿವೆಯಂತೆ, ಬೇಗ ಬರಬೇಕಂತೆ ಎಂದು ಹೇಳಿ ಬಂದ ಹಾಗೆಯೇ ಓಡಿದ.

ಬಳೆಗಾರ ಮಗಳ ಮುಖ ನೋಡಿದ. ಅವಳಿಗೆ ಮಾತು ತಿಳಿಯಿತು, ಅವಸರ ಏಕೆಂದು ತಿಳಿಯಲಿಲ್ಲ. ಶಾಲೆಗೆ ಓಡಿದಳು. ಮೇಷ್ಟ್ರು ಅದೇ ಮದುವೆ ಮನೆಗೆ ಹೊರಟು ನಿಂತಿದ್ದ. ಬಳೆ ಹೆಚ್ಚಿವೆ ಎಂದರೆ ಏನು ಸಾರ್ ಎಂದು ಅವಳು ಕೇಳಿದಳು. ಅವನು ಜರಿಪಂಚೆಯ ನೆರಿಗೆಯಿಂದ ತಲೆ ಎತ್ತದೆ, ಯಂತ್ರವನ್ನು ಕೇಳು ಎಂದ. ಯಂತ್ರ ಹೇಳಿತು: ಹೆಚ್ಚು ಎಂದರೆ ಜಾಸ್ತಿ, ಅಧಿಕ, ಬೇಕಾದ್ದಕ್ಕಿಂತ ಮಿಗಿಲು. ಹೇಳಿ ಚಪ್ಪಾಳೆ ತಟ್ಟಿತು.

ಬಳೆಗಾರನ ಎದೆ ತಣ್ಣಗಾಯಿತು. ಎಂಥ ಪ್ರಾಮಾಣಿಕ ಮನೆ, ಮಿಕ್ಕ ಬಳೆಯನ್ನು ಹಿಂದಿರುಗಿಸಲು ಕರೆಯುತ್ತಾರೆ ಎಂದುಕೊಂಡ. ಖಾಲಿ ಬುಟ್ಟಿ ಎತ್ತಿಕೊಂಡ. ನಾಲ್ಕು ಮಾತು ತಾನೇ ಆಡಬೇಕೆಂದು ದಾರಿಯುದ್ದಕ್ಕೂ ಮಗಳಿಂದ ಹೇಳಿಸಿಕೊಂಡ.

ಮದುವೆ ಮನೆಯಲ್ಲಿ ಮದುಮಗಳು ಬರಿಗೈಯಲ್ಲಿ ಕೂತಿದ್ದಳು. ಹೆಂಗಸರು ಬಾಗಿಲನ್ನೇ ನೋಡುತ್ತಿದ್ದರು. ಬಳೆಗಾರ ಒಳಗೆ ಬಂದು ಕೈ ಮುಗಿದ.

"ಅಮ್ಮಾ, ಬಳೆ ಹೆಚ್ಚಿದ್ದು ಕೇಳಿ ಬಹಳ ಸಂತೋಷವಾಯಿತು. ನಿಮ್ಮ ಮನೆಯ ಪ್ರತಿ ಮದುವೆಯಲ್ಲೂ ಹೀಗೇ ಹೆಚ್ಚಲಿ."

ಓಲಗದವನ ಉಸಿರು ಓಲಗದೊಳಗೇ ನಿಂತಿತು. ಮದುಮಗಳ ತಾಯಿ ಮೂಲೆಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಬರೀ ಹಸಿರು ಚೂರು. ಪೆಟ್ಟಿಗೆ ಅಟ್ಟದಿಂದ ಬಿದ್ದಿತ್ತು. ಮುತ್ತೈದೆಯರ ನಡುವೆ ಬಳೆ ಒಡೆಯಿತು ಎಂದು ಯಾರು ಬಾಯಿ ಬಿಟ್ಟಾರು? ಹೆಚ್ಚಿತು ಎಂದು ಹೇಳಿ ಕಳಿಸಿದ್ದರು.

ಮನೆಯ ಅಜ್ಜಿ ಬಳೆಗಾರನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿನಗೆ ಈ ಕನ್ನಡ ಕಲಿಸಿದ ಪುಣ್ಯಾತ್ಮ ಯಾರಪ್ಪಾ?"

ಬಳೆಗಾರ ಮಗಳನ್ನು ನೋಡಿದ. ಮಗಳು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರಿಗೆ ಆ ಮಾತು ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿತ್ತು. ಅವನು ಪಾನಕದ ಲೋಟವನ್ನು ಮುಖಕ್ಕೆ ಹಿಡಿದ. ಪಾನಕ ಮುಗಿದ ಮೇಲೂ ಇಳಿಸಲಿಲ್ಲ.

ಹುಡುಗಿ ಅಳುತ್ತಾ, ಒಡೆದದ್ದಕ್ಕೆ ಹೆಚ್ಚಿತು ಅನ್ನುವುದು ಯಾಕಜ್ಜಿ ಎಂದು ಕೇಳಿದಳು. ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡಳು.

"ಒಡೀತು ಅಂದ್ರೆ ಮಾತು ಅಲ್ಲಿಗೇ ಮುಗೀತು ಮಗಾ. ಹೆಚ್ಚಿತು ಅಂದ್ರೆ ಇನ್ನೊಂದು ಡಜನ್ ಬರ್ತದೆ. ನಿಮ್ಮಪ್ಪನಿಗೆ ಹೇಳು, ಓಡ್ಲಿ."

ಮಗಳು ಹೇಳಿದಳು, ಅಪ್ಪ ಓಡಿದ. ಅಂಗಡಿಯಲ್ಲಿದ್ದ ಹಸಿರನ್ನೆಲ್ಲ ಬುಟ್ಟಿಗೆ ಸುರಿದುಕೊಂಡು ಶಾಸ್ತ್ರದ ಹೊತ್ತಿಗೆ ಬಂದು ಮುಟ್ಟಿದ. ಮದುಮಗಳ ಕೈ ತುಂಬಿತು. ಆಮೇಲೆ ಮನೆಯವರು ನಗಲು ಶುರುಮಾಡಿದವರು ಊಟ ಮುಗಿದರೂ ನಿಲ್ಲಿಸಲಿಲ್ಲ. ಇಂದಿಗೂ ಆ ಊರಲ್ಲಿ ಯಾವ ಮದುವೆಗಾದರೂ ಸಂತೋಷದ ಬಳೆಗಾರನೇ ಬರಬೇಕು. ಮೇಷ್ಟ್ರ ಕುರ್ಚಿ ಮಾತ್ರ ಬೇವಿನ ಮರ ಬಿಟ್ಟು ಒಳಗೆ ಬಂತು, ಯಂತ್ರದ ಪಕ್ಕಕ್ಕೆ.

ಗುರು ಕತೆ ನಿಲ್ಲಿಸಿದ.

"ಅಂದರೆ ಯಂತ್ರ ಹೇಳಿದ್ದು ತಪ್ಪು ಅಂತಲೇ?" ಎಂದು ಶಿಷ್ಯ ವಾದಕ್ಕೆ ಕೈ ಎತ್ತಿದ. ಮೊಣಕೈ ತಾಗಿ ಗುರುವಿನ ಲೋಟ ನೆಲಕ್ಕೆ ಬಿತ್ತು. ಶಿಷ್ಯ ಚೂರುಗಳನ್ನು ಆಯಲು ಬಗ್ಗಿದ.

ಗುರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದ್ದ. "ಲೋಟ ಹೆಚ್ಚಿತು ಅಂತ ಯಂತ್ರಕ್ಕೆ ಹೇಳಿದರೆ ಲೋಟ ಮಿಕ್ಕಿದೆ ಎಂದುಕೊಂಡು ನನಗೆ ಇನ್ನೊಂದು ಚಹಾ ತರಿಸೀತು. ಅದಕ್ಕೇ ನಿನಗೆ ಹೇಳುತ್ತಿದ್ದೇನೆ, ಲೋಟದ್ದೂ ಚಹಾದ್ದೂ ಸೇರಿಸಿ ಕೊಟ್ಟು ಬಾ."